ಹುಡುಗರ ಆಟದಿಂದ ನೃತ್ಯನಾಟಕದವರೆಗೆ: ಶಾಂತಿನಿಕೇತನದ ವಸಂತ

ಶಾಂತಿನಿಕೇತನದ ವಸಂತೋತ್ಸವ ರವೀಂದ್ರನಾಥ ಠಾಕೂರರ ಕಲ್ಪನೆ ಎಂದೇ ಹೆಚ್ಚಿನವರ ತಿಳಿವಳಿಕೆ. ಆದರೆ ಅದಕ್ಕೆ ನಾಂದಿ ಹಾಡಿದವನು ಅವರ ಕಿರಿಯ ಮಗ ಶಮೀಂದ್ರ. 1907ರ ವಸಂತ ಪಂಚಮಿಯಂದು ಹತ್ತು ವರ್ಷದ ಈ ಹುಡುಗ ಜೊತೆಗಾರರನ್ನು ಕೂಡಿಕೊಂಡು ಋತುಗಳ ವೇಷ ಕಟ್ಟಿ ಒಂದು ಋತು ಉತ್ಸವ ನಡೆಸಿದ. ಅದೇ ನವೆಂಬರಿನಲ್ಲಿ ಮುಂಗೇರಿನಲ್ಲಿ ಕಾಲರಾಕ್ಕೆ ತುತ್ತಾದ. ಆದರೆ ಅವನು ಹೂಡಿದ ಆಟ ನಿಲ್ಲಲಿಲ್ಲ. ಮುಂದಿನ ಮೂರು ದಶಕಗಳಲ್ಲಿ ಅದು ಬೆಳೆದ ಬಗೆಯನ್ನು ನೋಡಿದರೆ, ಕವಿಯ ಪ್ರತಿಭೆಯಷ್ಟೇ ಅಲ್ಲಿನ ಶಾಲೆಯ ಕೊರತೆಗಳೂ ಕೆಲಸ ಮಾಡಿದ್ದು ಕಾಣುತ್ತದೆ.

1901ರ ಡಿಸೆಂಬರಿನಲ್ಲಿ ಐದು ಮಕ್ಕಳಿಂದ ಶುರುವಾದ, ಮುಂದೆ ಪಾಠ ಭವನ ಎಂದು ಹೆಸರಾದ ಶಾಲೆ ಅದು. ಮೊದಲ ವರ್ಷಗಳಲ್ಲಿ ಹುಡುಗರ ಶಾಲೆ. ರಂಗಮಂದಿರವಿಲ್ಲ, ಪರದೆಗೆ ದುಡ್ಡಿಲ್ಲ, ಕುಣಿತ ಬಲ್ಲವರಿಲ್ಲ. ರವೀಂದ್ರರ 1908ರ 'ಶಾರದೋತ್ಸವ' ನಾಟಕದಲ್ಲಿ ಒಂದೂ ಸ್ತ್ರೀಪಾತ್ರ ಇಲ್ಲದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಕಥೆಯೂ ಶಾಲೆಗೆ ರಜೆ ಸಿಕ್ಕ ಹುಡುಗರ ಸಂಭ್ರಮದ ಸುತ್ತಲೇ ಇದೆ. ಕಥೆ ತೆಳು, ಹಾಡು ಹೆಚ್ಚು. ಅಭಿನಯ ಬಾರದ ಹುಡುಗನೂ ಹಾಡಿನ ಗುಂಪಿನಲ್ಲಿ ಸೇರಿಕೊಳ್ಳಬಹುದು. 1915ರಲ್ಲಿ ಶಾಲೆಯಲ್ಲೇ ಆಡಿದ 'ಫಾಲ್ಗುಣಿ'ಯೂ ಇದೇ ಧಾಟಿಯದು: ಚಳಿಗಾಲವೆಂಬ ಮುದುಕನನ್ನು ಹಿಡಿದು ತರಲು ಹೊರಟ ತರುಣರಿಗೆ ಕೊನೆಗೆ ಗವಿಯಿಂದ ಸಿಗುವುದು ವಸಂತ. ಮರುವರ್ಷ ಜನವರಿಯಲ್ಲಿ ಬಾಂಕುರಾದ ಬರ ಪರಿಹಾರಕ್ಕಾಗಿ ಅದನ್ನು ಕಲ್ಕತ್ತೆಯಲ್ಲಿ ಠಾಕೂರ ಕುಟುಂಬದ ಜೋಡಾಸಾಂಕೋ ಮನೆಯಲ್ಲಿ ಆಡಿದಾಗ ರವೀಂದ್ರರೇ ಕುರುಡ ಬಾವುಲನಾದರು. ಈ ಹಾಡುಗಳನ್ನೆಲ್ಲ ನೆನಪಿನಲ್ಲಿಟ್ಟು, ಸ್ವರ ಹಾಕಿ, ಮಕ್ಕಳ ಬಾಯಿಗೆ ಕೂರಿಸಿದವರು ರವೀಂದ್ರರ ಅಣ್ಣನ ಮೊಮ್ಮಗ ದಿನೇಂದ್ರನಾಥ. ಕವಿಗೆ ತಾವೇ ಕಟ್ಟಿದ ರಾಗ ಮರುದಿನ ಮರೆತುಹೋಗುತ್ತಿತ್ತಂತೆ. ದಿನೇಂದ್ರರಿಲ್ಲದಿದ್ದರೆ ಎಷ್ಟು ಹಾಡು ಉಳಿಯುತ್ತಿದ್ದವೋ.

ಈ ಸಂಗೀತದಲ್ಲಿ ನಮ್ಮ ಕಡೆಯ ಪಾಲೂ ಇದೆ. ರವೀಂದ್ರರು 1883ರಲ್ಲಿ ಅಣ್ಣ ಸತ್ಯೇಂದ್ರನಾಥರೊಂದಿಗೆ ಕಾರವಾರದಲ್ಲಿದ್ದಾಗ 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಬರೆದರು. ಮೈಸೂರಿನ ಮಹಾರಾಣಿ ಶಾಲೆಯಲ್ಲಿ ಕೆಲಸ ಮಾಡಿದ ಸೋದರ ಸೊಸೆ ಸರಳಾದೇವಿ ಇಲ್ಲಿಂದ ಹೊತ್ತೊಯ್ದ ಮಟ್ಟುಗಳಿಗೆ ಬಂಗಾಳಿ ಮಾತು ಕೂರಿಸಿದರು.

ಹಾಡು ಸಲೀಸಾಗಿ ಬಂತು. ಕುಣಿತದ್ದು ಬೇರೆ ಕಥೆ. ಆಗಿನ ಬಂಗಾಳದ ಮರ್ಯಾದಸ್ಥರಿಗೆ ನೃತ್ಯವೆಂದರೆ ಸೂಳೆಗೇರಿಯ ಮಾತು. 1919ರಲ್ಲಿ ಸಿಲ್ಹೆಟ್ಟಿನ ಬಳಿ ಮಣಿಪುರಿ ನೃತ್ಯ ಕಂಡು ಮೆಚ್ಚಿದ ರವೀಂದ್ರರು ತ್ರಿಪುರಾದಿಂದ ಬುದ್ಧಿಮಂತ ಸಿಂಗ್ ಅವರನ್ನು ಕರೆಸಿಕೊಂಡರು. ಮೊದಲು ಕಲಿತವರು ಹುಡುಗರು. ಅದಕ್ಕೆ ಕೊಟ್ಟ ಹೆಸರು ಮಾತ್ರ ನೃತ್ಯವಲ್ಲ, ಮೃದಂಗದ ತಾಳಕ್ಕೆ ಮಾಡುವ ವ್ಯಾಯಾಮ! ಹೆಡ್‌ಮಾಸ್ಟರ್ ಬುದ್ಧಿ ಎಂದರೆ ಇದು. ಮುಂದೆ ನವಕುಮಾರ ಸಿಂಗ್ ಬಂದ ಮೇಲೆ ಹುಡುಗಿಯರೂ ಬಹಿರಂಗವಾಗಿ ಕಲಿತರು. ಅಭ್ಯಾಸದ ಹೊಣೆಯನ್ನು ರವೀಂದ್ರರ ಸೊಸೆ ಪ್ರತಿಮಾದೇವಿ ಹೊತ್ತರು.

ತಿರುವು ಬಂದದ್ದು 1926ರ 'ನಟೀರ್ ಪೂಜಾ' ನಾಟಕದಲ್ಲಿ. ಅಜಾತಶತ್ರುವಿನ ಕಾಲ. ಬುದ್ಧನ ಸ್ತೂಪದೆದುರು ಪೂಜೆ ನಿಷಿದ್ಧ. ನಟಿ ಶ್ರೀಮತಿ ಅಲ್ಲೇ ಕುಣಿಯಬೇಕೆಂದು ಅರಮನೆಯ ಅಪ್ಪಣೆ. ಅವಳು ಕುಣಿಯುತ್ತ ಒಂದೊಂದೇ ಒಡವೆ ಕಳಚಿ ಸ್ತೂಪದ ಮುಂದೆ ಹಾಕುತ್ತಾಳೆ, ಮೇಲಿನ ಬೆಡಗಿನ ಉಡುಪನ್ನೂ ತೆಗೆಯುತ್ತಾಳೆ. ಒಳಗಿರುವುದು ಭಿಕ್ಷುಣಿಯ ಕಾಷಾಯ. ಕುಣಿತವೇ ಪೂಜೆಯಾಯಿತೆಂದು ಕಾವಲಿನವರಿಗೆ ಹೊಳೆಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ, ಅವಳನ್ನು ಕೊಲ್ಲುತ್ತಾರೆ. ಈ ಪಾತ್ರ ಮಾಡಿದವರು ಚಿತ್ರಕಾರ ನಂದಲಾಲ ಬೋಸರ ಮಗಳು ಗೌರಿ. ಮರುವರ್ಷ ಕಲ್ಕತ್ತೆಯಲ್ಲಿ ಆಡುವಾಗ ಹೆಣ್ಣುಮಕ್ಕಳನ್ನು ಮಾತ್ರ ರಂಗಕ್ಕೆ ಬಿಟ್ಟರೆ ಜನ ಆಡಿಕೊಳ್ಳುತ್ತಾರೆಂದು ಉಪಾಲಿ ಎಂಬ ಭಿಕ್ಷುವಿನ ಪಾತ್ರವನ್ನು ಹೊಸದಾಗಿ ಸೇರಿಸಿ ರವೀಂದ್ರರೇ ಆಡಿದರು. ನೊಬೆಲ್ ಪಡೆದ ಗಡ್ಡದ ಮುದುಕ ರಂಗದ ಮೇಲಿರುವಾಗ ಕಲ್ಲೆಸೆಯುವವರು ಯಾರು?

ಆಮೇಲೆ ಎಲ್ಲವೂ ಬಿರುಸಾಯಿತು. 1927ರ ಜಾವಾ, ಬಾಲಿ ಪ್ರವಾಸದಿಂದ ಬಾಟಿಕ್ ಬಂತು, ನಂದಲಾಲ ಮತ್ತು ಸುರೇಂದ್ರನಾಥ ಕರ್ ಅವರ ಕೈಯಲ್ಲಿ ರಂಗಸಜ್ಜಿಕೆ ಸರಳವಾಯಿತು. ಕೇರಳದಿಂದ ಕಥಕ್ಕಳಿ, ಸಿಂಹಳದಿಂದ ಕ್ಯಾಂಡಿ ನೃತ್ಯ ಬಂದು ಸೇರಿದವು. ಎರಡನ್ನೂ ಹೋಗಿ ಕಲಿತು ಬಂದವರು ಈ ಶಾಲೆಯಲ್ಲೇ ಬೆಳೆದ ಶಾಂತಿದೇವ ಘೋಷ್. 'ಚಿತ್ರಾಂಗದಾ' (1936), 'ಚಂಡಾಲಿಕಾ' (1938), 'ಶ್ಯಾಮಾ' (1939) ನೃತ್ಯನಾಟಕಗಳು ಈ ಕೂಡಾವಳಿಯ ಫಲ. ಇವುಗಳಲ್ಲಿ ಸಂಭಾಷಣೆಯ ಕೆಲಸವನ್ನೂ ಹಾಡೇ ಮಾಡುತ್ತದೆ. ಹಣದ ತಾಪತ್ರಯ ಆಗಲೂ ತಪ್ಪಲಿಲ್ಲ. 74ರ ಇಳಿವಯಸ್ಸಿನಲ್ಲಿ ಕವಿ 'ಚಿತ್ರಾಂಗದಾ' ತಂಡ ಕಟ್ಟಿಕೊಂಡು ಉತ್ತರ ಭಾರತ ಸುತ್ತುತ್ತಿದ್ದಾಗ ದಿಲ್ಲಿಯಲ್ಲಿ ಗಾಂಧೀಜಿ 60,000 ರೂಪಾಯಿ ಕೊಡಿಸಿ, ಇನ್ನು ಊರಿಗೆ ಹೋಗಿ ಎಂದರು.

ಶಾಸ್ತ್ರೀಯ ನೃತ್ಯದವರು ಶಾಂತಿನಿಕೇತನದ ಈ ಕುಣಿತವನ್ನು ಕಲಬೆರಕೆ ಎನ್ನುವುದುಂಟು. ಹೆಜ್ಜೆಗಾರಿಕೆಯನ್ನೇ ಅಳೆದರೆ ಆ ಮಾತು ಸುಳ್ಳಲ್ಲ. ಆದರೆ ವಸಂತೋತ್ಸವದ ಬೆಳಗಿನ ಮೆರವಣಿಗೆಯ ಕುಣಿತವನ್ನು ನೋಡಿ: ಮನೆಯೊಳಗಿದ್ದವರನ್ನು ಹೊರಗೆ ಕರೆಯುವ ಹಾಡಿಗೆ ಸಾಲುಸಾಲಾಗಿ ನಡಿಗೆ, ಒಂದು ಬಾಗು, ಕೈಯ ಒಂದು ಬೀಸು. ನೂರಾರು ಮಕ್ಕಳು ಒಟ್ಟಿಗೆ ಮಾಡಬಲ್ಲದ್ದು ಅಷ್ಟೇ, ಮಾಡಿಸಿದ್ದೂ ಅಷ್ಟೇ. ನನ್ನ ತಕರಾರು ಬೇರೆ. ಕವಿ ಇರುವವರೆಗೆ ಪ್ರತಿ ಪ್ರಯೋಗದಲ್ಲೂ ತಿದ್ದುಪಡಿ ನಡೆಯುತ್ತಿತ್ತು. ಅವರು ಹೋದ ಮೇಲೆ ತಿದ್ದುವುದೇ ಅಪರಾಧವಾಯಿತು. 2001ರ ಕೊನೆಗೆ ಕೃತಿಸ್ವಾಮ್ಯ ಮುಗಿಯುವವರೆಗೂ ಹಾಡುಗಳ ಧ್ವನಿಮುದ್ರಣಕ್ಕೆ ಶಾಂತಿನಿಕೇತನದ ವಿಶ್ವವಿದ್ಯಾಲಯವಾದ ವಿಶ್ವಭಾರತಿಯ ಸಂಗೀತ ಮಂಡಳಿಯ ಒಪ್ಪಿಗೆ ಬೇಕಿತ್ತು. ಶಾಲೆಯೊಳಗಿನ ಸಾಹಿತ್ಯ ಸಭೆಗಳಲ್ಲಿ ಮಕ್ಕಳು ತಮ್ಮದೇ ಬರಹ ಓದುತ್ತಾರೆ, ಹಾಡುತ್ತಾರೆ. ಆ ಸಲಿಗೆ ದೊಡ್ಡ ವೇದಿಕೆಗೆ ಏರಲಿಲ್ಲ.

ಕೊನೆಗೆ ಜನಸಂದಣಿ. ವಸಂತ ಪಂಚಮಿಯ ಆಟ ಹೋಳಿ ಹುಣ್ಣಿಮೆಗೆ ಬಂದು ನೆಲೆಸಿದ ಮೇಲೆ ಕಲ್ಕತ್ತೆಯಿಂದ ರೈಲುಗಟ್ಟಲೆ ಜನ ಬರತೊಡಗಿದರು. ಮಕ್ಕಳು ಕುಣಿಯುವ ಜಾಗಕ್ಕಿಂತ ಮೊಬೈಲು ಎತ್ತಿ ಹಿಡಿದವರ ಜಾಗ ದೊಡ್ಡದಾಯಿತು. 2020ರಲ್ಲಿ ಕೊರೊನಾ ಭೀತಿಯಿಂದ ಉತ್ಸವ ರದ್ದಾಯಿತು. ಆ ಬಳಿಕ ವಿಶ್ವಭಾರತಿ ಅದನ್ನು ಹೆಚ್ಚಾಗಿ ತನ್ನವರಿಗಷ್ಟೇ ಸೀಮಿತವಾಗಿ ನಡೆಸುತ್ತ ಬಂದಿದೆ. ಪ್ರವಾಸಿಗರಿಗೂ ಅವರನ್ನೇ ನಂಬಿದ ಅಂಗಡಿಯವರಿಗೂ ಅಸಮಾಧಾನ ಇದ್ದೇ ಇದೆ. ಹಾಗಿದ್ದರೂ ಕುಣಿಯುವವರು ಶಾಲೆಯ ಮಕ್ಕಳಾದ್ದರಿಂದ, ಈ ವಿಷಯದಲ್ಲಿ ನಾನು ಬಾಗಿಲು ಹಾಕಿದವರ ಪರ.