ಭಾಸ್ಕರಾಚಾರ್ಯನ ತಾತ್ಕಾಲಿಕ ಗತಿ

ಸಿಲ್ಲೋಡದ ಪಶ್ಚಿಮಕ್ಕೆ, ಅಜಂತಾ ಬೆಟ್ಟಸಾಲಿನ ಬುಡದ ಪಾಟಣದಲ್ಲಿ ಶಕ 1128ರ ಯಾದವಕಾಲದ ಶಾಸನವೊಂದಿದೆ. ಭಾಸ್ಕರಾಚಾರ್ಯನ ಗ್ರಂಥಗಳ ಅಧ್ಯಯನಕ್ಕೆಂದು ಅವನ ಮೊಮ್ಮಗ ಚಂಗದೇವನು ಸ್ಥಾಪಿಸಿದ ಮಠಕ್ಕೆ ದತ್ತಿಯಿತ್ತುದನ್ನು ಅದು ಹೇಳುತ್ತದೆ. ಆಚಾರ್ಯನ ವಿಜ್ಜಡವಿಡವು ಈ ಸೀಮೆಯದೋ ನಮ್ಮ ವಿಜಾಪುರವೋ ಎಂಬ ವಾದದ ನಡುವೆ ಮಠದ ಪಾಠವಿಷಯವೇ ಮರೆಯಾದಂತಿದೆ.

ಚಂದ್ರನ ಗತಿ ಒಂದೇ ದಿನದೊಳಗೂ ಬದಲಾಗುವುದರಿಂದ ತಿಥ್ಯಂತವನ್ನು ಗಣಿಸಲು ದಿನದ ಸ್ಥೂಲಗತಿ ಸಾಲದು. ‘ತಾತ್ಕಾಲಿಕ ಗತಿ’ ಬೇಕೆಂಬುದು 1150ರ ಸಿದ್ಧಾಂತಶಿರೋಮಣಿಯ ನಿಲುವು. ಜ್ಯಾವೃದ್ಧಿಯನ್ನು ಅವನು ತ್ರೈರಾಶಿಕದಿಂದಲೇ ಪಡೆದನು: ತ್ರಿಜ್ಯೆ 3438ರಷ್ಟು ಕೋಟಿಜ್ಯೆಗೆ ವೃದ್ಧಿ 225 ಆದರೆ ಇಷ್ಟ ಕೋಟಿಜ್ಯೆಗೆ ಎಷ್ಟು? ಜ್ಯಾದ ಅವಕಲನವು ಕೋಟಿಜ್ಯಾ ಎಂಬ ಇಂದಿನ ಸೂತ್ರ ಇದೇ.

ಆದರೂ ಅವನನ್ನು ಕಲನಶಾಸ್ತ್ರದ ಜನಕನೆನ್ನುವುದು ಅತಿಯಾದೀತು. ವರ್ಗವು ಸೊನ್ನೆಯಾದರೂ ತಾನು ಸೊನ್ನೆಯೆನ್ನಲಾಗದ ಅತಿಸೂಕ್ಷ್ಮ ರಾಶಿಗೆ ಸ್ಪಷ್ಟ ನಿಯಮಗಳು ದೊರೆತುದು 1967ರಲ್ಲಿ ಲಾವೇರ್ ಮುಂದಿಟ್ಟ ವಿಚಾರದಿಂದ ಬೆಳೆದ ಜ್ಯಾಮಿತಿಯಲ್ಲಿ. ಭಾಸ್ಕರನಲ್ಲಿ ಅಂಥ ರಾಶಿಗೆ ಹೆಸರಿಲ್ಲ; 225 ಕಲೆಗಳ ಚಾಪಖಂಡವೇ ಅವನ ಅಳತೆ.