ಎಕೋಗೆ ಸಿಗದ ರಂಧ್ರ: ವಯಸ್ಕರ ಜನ್ಮಜಾತ ಹೃದಯದೋಷ, ಸಿ.ಟಿ. ಸ್ಕ್ಯಾನ್ ಮತ್ತು ಕೋಲಾರ ಸೀಮೆ

ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 8–9 ಮಕ್ಕಳಿಗೆ ಹೃದಯದೋಷ ಹುಟ್ಟಿನಿಂದಲೇ ಇರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಥವರನ್ನು ಅಂಗನವಾಡಿ, ಶಾಲೆಗಳಲ್ಲಿ ಹುಡುಕುತ್ತದೆ. ಅದರ ವ್ಯಾಪ್ತಿ 18 ವರ್ಷದವರೆಗೆ ಮಾತ್ರ. ಕಾರ್ಯಕ್ರಮ ಶುರುವಾಗುವ ಮೊದಲೇ ಬೆಳೆದು ದೊಡ್ಡವರಾದವರು ಲೆಕ್ಕಕ್ಕೆ ಸಿಗಲಿಲ್ಲ. ಮಾಲೂರಿನ ಇಟ್ಟಿಗೆ ಗೂಡಿನಲ್ಲೋ ಶ್ರೀನಿವಾಸಪುರದ ಮಾವಿನ ತೋಪಿನಲ್ಲೋ ದುಡಿಯುವ ನಲವತ್ತರ ಹೆಂಗಸಿಗೆ ಏದುಸಿರು ಬಂದರೆ ಅನುಮಾನ ಮೊದಲು ಧೂಳಿನ ಮೇಲೆ, ಆಮೇಲೆ ರಕ್ತಹೀನತೆಯ ಮೇಲೆ ಹೋಗುವುದು ಸಹಜ.

ಮೊದಲ ಪರೀಕ್ಷೆ ಶಬ್ದತರಂಗದಿಂದ ಹೃದಯವನ್ನು ನೋಡುವ ಎಕೋ, ಅದರಲ್ಲಿ ಎರಡು ಮಾತಿಲ್ಲ. ಹೃದಯದ ಮೇಲಿನ ಎರಡು ಕೋಣೆಗಳ ನಡುಗೋಡೆಯ ಮಧ್ಯದಲ್ಲಿರುವ ರಂಧ್ರ ಅದಕ್ಕೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಗೋಡೆಯ ಮೇಲ್ತುದಿಯಲ್ಲಿ, ಊರ್ಧ್ವ ಮಹಾಸಿರೆ ಬಂದು ಸೇರುವಲ್ಲಿ ಇರುವ 'ಸೈನಸ್ ವೀನೋಸಸ್' ರಂಧ್ರದ ಕಥೆಯೇ ಬೇರೆ. ವಯಸ್ಕರಲ್ಲಿ ಪಕ್ಕೆಲುಬು, ಶ್ವಾಸಕೋಶದ ಗಾಳಿ ಶಬ್ದತರಂಗವನ್ನು ತಡೆಯುವುದರಿಂದ ಅದು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. 'ಹೃದಯದ ಬಲಭಾಗ ಹಿಗ್ಗಿದೆ, ಕಾರಣ ಕಾಣುತ್ತಿಲ್ಲ' ಎಂಬ ವರದಿ ಬಂದಾಗಲೇ ಸಿ.ಟಿ.ಯನ್ನು ನೆನೆಯಬೇಕು.

ರೋಗಿ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಮಲಗುತ್ತಾರೆ. ತೋಳಿನ ರಕ್ತನಾಳಕ್ಕೆ ಅಯೋಡಿನ್ ದ್ರವ ಹೋದಾಗ ಮೈಯೆಲ್ಲ ಬೆಚ್ಚಗಾಗುತ್ತದೆ. ಕೆಲವು ಸೆಕೆಂಡು ಉಸಿರು ಹಿಡಿದರೆ ಯಂತ್ರ ಇಸಿಜಿಗೆ ತಾಳ ಹೊಂದಿಸಿ ಚಿತ್ರ ತೆಗೆಯುತ್ತದೆ. ದ್ರವದ ಬೆನ್ನಿಗೇ ಸಲೈನ್ ಕಳಿಸುವುದು ಚಿಕ್ಕ ಕೆಲಸವಾದರೂ ಮುಖ್ಯ: ಇಲ್ಲದಿದ್ದರೆ ಮಹಾಸಿರೆಯಲ್ಲಿ ನಿಂತ ದ್ರವದ ಹೊಳಪು ಪಕ್ಕದ ನಾಳವನ್ನೇ ಮುಚ್ಚಿಬಿಡುತ್ತದೆ. ಮಹಾಸಿರೆಯನ್ನು ಹಿಡಿದು ಪದರ ಪದರವಾಗಿ ಕೆಳಗಿಳಿದರೆ, ಎಡಕೋಣೆಗೆ ಹೋಗಬೇಕಾದ ಬಲ ಶ್ವಾಸಕೋಶದ ಸಿರೆ ಎಷ್ಟೋ ಸಲ ಅಲ್ಲಿಗೇ ಬಂದು ಸೇರಿರುವುದು ಕಾಣುತ್ತದೆ.

ಸಿ.ಟಿ. ತೋರಿಸಬಲ್ಲ ಇನ್ನೊಂದು ಜನ್ಮಜಾತ ದೋಷವೂ ಉಂಟು: ಎಳೆ ವಯಸ್ಸಿನಲ್ಲೇ ಬಿ.ಪಿ. ಏರಿದವರಲ್ಲಿ ಮಹಾಪಧಮನಿ ಒಂದೆಡೆ ಕಿರಿದಾಗಿರಬಹುದು. ತೋಳಿನ ಬಿ.ಪಿ. ಹೆಚ್ಚು, ಕಾಲಿನದು ಕಡಿಮೆ ಎಂಬುದು ಇದರ ಸುಳಿವು. ತಾಲ್ಲೂಕು ಆಸ್ಪತ್ರೆಯಲ್ಲಿ ಕಾಲಿಗೂ ಪಟ್ಟಿ ಸುತ್ತಿ ನೋಡಲು ಹೊಸ ಯಂತ್ರವೇನೂ ಬೇಕಿಲ್ಲ.

ಹಾಗೆಂದು ಎದೆ ನೋವೆಂದ ಎಲ್ಲರಿಗೂ ಸಿ.ಟಿ. ಬರೆದುಕೊಡುವುದು ತಪ್ಪು. ವಿಕಿರಣವಿದೆ, ಮೂತ್ರಪಿಂಡ ಸೊರಗಿದವರಿಗೆ ಅಯೋಡಿನ್ ದ್ರವ ಅಪಾಯ ತರಬಹುದು. ರಂಧ್ರದ ಮೂಲಕ ಎಷ್ಟು ರಕ್ತ ಹರಿಯುತ್ತಿದೆಯೆಂದು ಅಳೆಯಲು ಎಕೋ, ಎಂ.ಆರ್.ಐ. ಇಲ್ಲವೇ ಕ್ಯಾಥೆಟರ್ ಪರೀಕ್ಷೆಯೇ ಬೇಕು.

ಚಿಕಿತ್ಸೆಯ ದಾರಿಯನ್ನು ಮಾತ್ರ ಸಿ.ಟಿ. ಚಿತ್ರ ಬೇಗ ತೋರಿಸುತ್ತದೆ. ನಡುಗೋಡೆಯ ಮಧ್ಯದ ರಂಧ್ರವನ್ನು ಹಲವು ಸಲ ತೊಡೆಸಂದಿನ ಸಿರೆಯ ಮೂಲಕ ಸಾಧನ ಕೂರಿಸಿ ಮುಚ್ಚಬಹುದು. ಸೈನಸ್ ವೀನೋಸಸ್ ಆದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ. ಮುಳಬಾಗಿಲಿನವರು ಕೋಲಾರ ದಾಟಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೋ, 2001ರಿಂದ ಉಚಿತ ಹೃದಯ ಚಿಕಿತ್ಸೆ ನೀಡುತ್ತಿರುವ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗೋ ಹೊರಡುವ ಮೊದಲೇ ರಂಧ್ರ ಯಾವ ಬಗೆಯದೆಂದು ಗೊತ್ತಾದರೆ, ಒಂದು ಸುತ್ತಿನ ಅಲೆದಾಟವೂ ಆ ದಿನದ ಕೂಲಿಯೂ ಉಳಿಯುತ್ತವೆ.