ಟ್ರಾನ್ಸ್ ಪುರುಷರ ಜನನಾಂಗ ಪುನಾರಚನೆ

ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ, ಗಂಡಾಗಿ ಗುರುತಿಸಿಕೊಳ್ಳುವವರು ಟ್ರಾನ್ಸ್ ಪುರುಷರು. ಅವರ ದೇಹದ ಅಂಗಾಂಶದಿಂದಲೇ ಪುರುಷ ಜನನಾಂಗವನ್ನು ರೂಪಿಸುವ ಶಸ್ತ್ರಚಿಕಿತ್ಸೆಗಳಿಗೆ ಒಟ್ಟಾಗಿ ಜನನಾಂಗ ಪುನಾರಚನೆ ಎಂಬ ಹೆಸರಿದೆ. ಮುಖ್ಯ ವಿಧಾನಗಳು ಎರಡು: ಮೆಟಾಯ್ಡಿಯೋಪ್ಲಾಸ್ಟಿ ಮತ್ತು ಫ್ಯಾಲೋಪ್ಲಾಸ್ಟಿ. ನಿಂತು ಮೂತ್ರ ಮಾಡುವುದು, ಸ್ಪರ್ಶಸಂವೇದನೆ, ಗಾತ್ರ, ಸಂಭೋಗ ಸಾಮರ್ಥ್ಯ, ಕಡಿಮೆ ಗಾಯದ ಗುರುತು ಇವೆಲ್ಲವೂ ಒಂದೇ ವಿಧಾನದಲ್ಲಿ ಪೂರ್ಣವಾಗಿ ದೊರೆಯುವುದಿಲ್ಲ. ಯಾವುದು ತನಗೆ ಮುಖ್ಯ ಎಂಬುದರ ಮೇಲೆ ವ್ಯಕ್ತಿಯ ಆಯ್ಕೆ ನಿಂತಿದೆ. ಈ ಶಸ್ತ್ರಚಿಕಿತ್ಸೆಯೇ ಬೇಡವೆನ್ನುವವರೂ ಅನೇಕರಿದ್ದಾರೆ.

ಇತಿಹಾಸ: 1936ರಲ್ಲಿ ರಷ್ಯದ ಶಸ್ತ್ರವೈದ್ಯ ನಿಕೊಲಾಯ್ ಬೊಗೊರಾಜ್ ಹೊಟ್ಟೆಯ ಚರ್ಮವನ್ನು ಕೊಳವೆಯಾಗಿ ಸುತ್ತಿ, ಒಳಗೆ ಪಕ್ಕೆಲುಬಿನ ಮೃದ್ವಸ್ಥಿಯನ್ನಿಟ್ಟು ಶಿಶ್ನವನ್ನು ಮರುರೂಪಿಸಿದ್ದನ್ನು ವರದಿ ಮಾಡಿದರು. ಮೊದಲ ಮಹಾಯುದ್ಧದ ಗಾಯಾಳುಗಳ ಮುಖಗಳನ್ನು ಚರ್ಮದ ಕೊಳವೆಯಿಂದ ಸರಿಪಡಿಸಿ ಹೆಸರಾದ ಶಸ್ತ್ರವೈದ್ಯ ಹೆರಾಲ್ಡ್ ಗಿಲೀಸ್ ಅದೇ ಕೌಶಲವನ್ನು ಬ್ರಿಟನ್ನಿನ ಮೈಕಲ್ ಡಿಲನ್ ಅವರಿಗೆ ಬಳಸಿದರು. 1946ರಲ್ಲಿ ಆರಂಭವಾದ ಚಿಕಿತ್ಸೆ ಹತ್ತಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳಲ್ಲಿ ಮುಗಿಯಿತು. ಟ್ರಾನ್ಸ್ ಪುರುಷರೊಬ್ಬರಿಗೆ ನಡೆದ ಮೊದಲ ಫ್ಯಾಲೋಪ್ಲಾಸ್ಟಿ ಇದೆಂದು ಪರಿಗಣಿತವಾಗಿದೆ. ಗುಟ್ಟು ಕಾಯಲು ಗಿಲೀಸ್ ದಾಖಲೆಯಲ್ಲಿ ಮೂತ್ರರಂಧ್ರದ ಜನ್ಮದೋಷವೆಂದು ಬರೆದಿದ್ದರು. ವೈದ್ಯರಾಗಿ, ಮುಂದೆ ಬೌದ್ಧ ಸಾಧಕರಾದ ಡಿಲನ್ 1962ರಲ್ಲಿ ಹಿಮಾಚಲದ ಡಾಲ್‌ಹೌಸಿಯಲ್ಲಿ ತೀರಿಕೊಂಡರು.

ಮೆಟಾಯ್ಡಿಯೋಪ್ಲಾಸ್ಟಿ: ಟೆಸ್ಟೋಸ್ಟಿರಾನ್ ಪಡೆಯುವವರಲ್ಲಿ ಭಗಾಂಕುರ ದೊಡ್ಡದಾಗುತ್ತದೆ. ಅದನ್ನು ಕೆಳಕ್ಕೆ ಬಿಗಿದಿಟ್ಟಿರುವ ತಂತುಗಳನ್ನು ಬಿಡಿಸಿ, ಮುಂದೆ ತಂದು ಸಣ್ಣ ಶಿಶ್ನವಾಗಿಸುತ್ತಾರೆ. ಒಳಗೆನ್ನೆಯ ಲೋಳ್ಪೊರೆ ಅಥವಾ ಯೋನಿಯ ಅಂಗಾಂಶ ಬಳಸಿ ಮೂತ್ರನಾಳವನ್ನು ತುದಿಯವರೆಗೆ ಉದ್ದಮಾಡಬಹುದು. ನರಗಳು ಮೂಲದಲ್ಲೇ ಉಳಿಯುವುದರಿಂದ ಸಂವೇದನೆ ಚೆನ್ನಾಗಿರುತ್ತದೆ, ಸ್ವಾಭಾವಿಕ ನಿಮಿರುವಿಕೆಯೂ ಇರುತ್ತದೆ; ದೇಹದ ಬೇರೆಡೆ ದೊಡ್ಡ ಕಲೆಯಿಲ್ಲ. ಆದರೆ ಉದ್ದ ಕಡಿಮೆ; ಒಳಪ್ರವೇಶದ ಸಂಭೋಗ ಸಾಮಾನ್ಯವಾಗಿ ಸಾಧ್ಯವಾಗದು.

ಫ್ಯಾಲೋಪ್ಲಾಸ್ಟಿ: ಇಲ್ಲಿ ಚರ್ಮ, ಕೊಬ್ಬು, ರಕ್ತನಾಳ, ನರಗಳನ್ನೊಳಗೊಂಡ ಫ್ಲಾಪನ್ನು ಬೇರೆಡೆಯಿಂದ ತರಲಾಗುತ್ತದೆ. 1984ರಲ್ಲಿ ಚೀನಾದ ಚಾಂಗ್ ಮತ್ತು ಹ್ವಾಂಗ್ ವಿವರಿಸಿದ ಮುಂಗೈ ಫ್ಲಾಪ್ ಹೆಚ್ಚು ಪ್ರಚಲಿತ. ಫ್ಲಾಪಿನ ಒಂದು ಭಾಗವನ್ನು ಒಳಮುಖವಾಗಿ ಸುತ್ತಿದರೆ ಮೂತ್ರನಾಳ, ಉಳಿದುದನ್ನು ಅದರ ಮೇಲೆ ಸುತ್ತಿದರೆ ಶಿಶ್ನ: ಕೊಳವೆಯೊಳಗೊಂದು ಕೊಳವೆ. ಸೂಕ್ಷ್ಮದರ್ಶಕದಡಿ ರಕ್ತನಾಳಗಳನ್ನು ಹೊಲಿದು, ನರಗಳನ್ನು ಭಗಾಂಕುರ ಹಾಗೂ ತೊಡೆಸಂದಿಯ ನರಗಳಿಗೆ ಜೋಡಿಸುತ್ತಾರೆ. ಸಂವೇದನೆ ಮರಳಲು ತಿಂಗಳುಗಳು ಬೇಕು. ಮುಂಗೈಯ ಒಂದು ಧಮನಿಯನ್ನು ತೆಗೆಯುವುದರಿಂದ, ಉಳಿದದ್ದು ಕೈಗೆ ಸಾಕಷ್ಟು ರಕ್ತ ಪೂರೈಸುತ್ತದೆಯೇ ಎಂದು ಅಲೆನ್ ಪರೀಕ್ಷೆಯಿಂದ ಮೊದಲೇ ನೋಡುತ್ತಾರೆ. ಮೂತ್ರನಾಳವಾಗುವ ಚರ್ಮದ ರೋಮಗಳನ್ನೂ ಮುಂಚಿತವಾಗಿ ತೆಗೆಯಬೇಕು.

ಕೈಮೇಲೆ ಎದ್ದುಕಾಣುವ ಕಲೆ ಬೇಡವೆನ್ನುವವರಿಗೆ ತೊಡೆಯ ಹೊರಮಗ್ಗುಲಿನ ಫ್ಲಾಪ್ ಇದೆ. ಕೊಬ್ಬು ಹೆಚ್ಚಿದ್ದರೆ ಅದು ತೀರ ದಪ್ಪವಾಗುತ್ತದೆ. ಬೆನ್ನಿನ ಸ್ನಾಯು ಮತ್ತು ಹೊಟ್ಟೆಯ ಚರ್ಮವೂ ಬಳಕೆಯಲ್ಲಿವೆ.

ಪೂರಕ ಹಂತಗಳು: ಗರ್ಭಕೋಶ ಮತ್ತು ಯೋನಿಯನ್ನು ತೆಗೆಯುವುದು, ದೊಡ್ಡ ಭಗೋಷ್ಠಗಳಿಂದ ವೃಷಣಚೀಲ ರೂಪಿಸಿ ಸಿಲಿಕೋನ್ ವೃಷಣ ಇಡುವುದು, ಶಿಶ್ನದ ತುದಿಗೆ ಆಕಾರ ಕೊಡುವುದು ಇವುಗಳಲ್ಲಿ ಸೇರಿವೆ. ಫ್ಯಾಲೋಪ್ಲಾಸ್ಟಿಯ ಶಿಶ್ನ ತಾನಾಗಿ ನಿಮಿರದು. ಬಾಗುವ ಸರಳು ಅಥವಾ ದ್ರವ ತುಂಬುವ ಸಾಧನ ಬೇಕು. ಸ್ಪರ್ಶಜ್ಞಾನ ಬರುವ ಮೊದಲೇ ಅದನ್ನಿಟ್ಟರೆ ಒತ್ತಡ ಅರಿವಿಗೆ ಬಾರದೆ ಚರ್ಮ ಹರಿದು ಸಾಧನ ಹೊರಬರಬಹುದು. ಆದ್ದರಿಂದ ಅದು ಕೊನೆಯ ಹಂತ.

ತೊಡಕುಗಳು: ಮೂತ್ರನಾಳದ ತೊಂದರೆಗಳೇ ಹೆಚ್ಚು. ಹಳೆಯ ಮತ್ತು ಹೊಸ ನಾಳ ಕೂಡುವಲ್ಲಿ ಮೂತ್ರ ಸೋರುವ ಫಿಸ್ಟುಲಾ ಅಥವಾ ನಾಳ ಕಿರಿದಾಗುವಿಕೆ ಕಾಣಿಸಬಹುದು. ಕೆಲವು ಫಿಸ್ಟುಲಾಗಳು ತಾವಾಗಿ ಮುಚ್ಚಿಕೊಳ್ಳುತ್ತವೆ, ಉಳಿದವಕ್ಕೆ ಮತ್ತೆ ಶಸ್ತ್ರಚಿಕಿತ್ಸೆ ಬೇಕು. ಈ ಅಪಾಯ ತಪ್ಪಿಸಲು ಕೆಲವರು ಮೂತ್ರನಾಳವನ್ನು ಉದ್ದಮಾಡಿಸದೆ, ಕುಳಿತೇ ಮೂತ್ರ ಮಾಡುವುದನ್ನು ಒಪ್ಪಿಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟಿ ಫ್ಲಾಪ್ ಸಾಯುವುದು ಅಪರೂಪವಾದರೂ ಗಂಭೀರ.

ಭಾರತದಲ್ಲಿ: ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಲಿಂಗತ್ವವನ್ನು ಸ್ವಯಂ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿದು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಸಲ್ಲದು ಎಂದಿತು. ಲಿಂಗ ಪರಿವರ್ತನಾ ಶಸ್ತ್ರಚಿಕಿತ್ಸೆ ಸೇರಿದಂತೆ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಸರ್ಕಾರಗಳಿಗೆ ವಹಿಸಿತು.